ನಕ್ಷತ್ರದ ಬೆಳಕು, ನೆಲದ ಅಳತೆಗೋಲು

(ಮೂಡಿಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಪೂರ್ಣಚಂದ್ರ ತೇಜಸ್ವಿಯವರು ತೋಟ ಮಾಡಿಕೊಂಡು ಬಾಳಿದ ಊರು ಇದು. ಹಕ್ಕಿ, ಹುಳು, ಕಾಡು, ಕ್ಯಾಮೆರಾ, ಕಂಪ್ಯೂಟರ್ ಎಲ್ಲವನ್ನೂ ಅವರು ಕನ್ನಡದ ಓದುಗರ ಮನೆಗೆ ತಂದರು. ಇಂಥ ಊರಿನಲ್ಲಿ ವಿಜ್ಞಾನದ ಬಗ್ಗೆ ಕನ್ನಡದಲ್ಲಿ ಮಾತನಾಡುವುದು ನನಗೆ ಗೌರವದ ಸಂಗತಿ. ಹತ್ತಿರದ ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾಯರು ಜೀವಮಾನವಿಡೀ ಕನ್ನಡಿಗರಿಗೆ ಆಕಾಶ ತೋರಿಸಿದರು. ಆ ಇಬ್ಬರನ್ನೂ ನೆನೆದು ಮಾತು ಆರಂಭಿಸುತ್ತೇನೆ.

ನಕ್ಷತ್ರದ ಹೆಸರು ನಮಗೆ ಹೊಸದಲ್ಲ. ಆರಿದ್ರಾ ಮಳೆ ಹಿಡಿಯಿತೇ, ಪುನರ್ವಸು ಕೈಕೊಟ್ಟಿತೇ, ಆಶ್ಲೇಷದಲ್ಲಿ ಹೊಳೆ ಎಷ್ಟು ಏರಿತು ಎಂದು ಕೇಳದ ಮನೆ ಮಲೆನಾಡಿನಲ್ಲಿ ಇಲ್ಲ. ಸೂರ್ಯ ಆ ನಕ್ಷತ್ರದ ಬಳಿ ಇರುವ ಕಾಲಕ್ಕೆ ಅದರ ಹೆಸರಿನ ಮಳೆ. ಆದ್ದರಿಂದ ಆರಿದ್ರಾ ಮಳೆ ಸುರಿಯುವಾಗ ಮೋಡ ಸರಿದರೂ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಕಾಫಿ ಕೊಯ್ಲಿನ ಕಾಲ ಬರಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹೂಮಳೆಯ ಮೋಡ ಕಟ್ಟುವ ಮುಂಚೆ, ಕಣದಲ್ಲಿ ಕಾಫಿ ಕಾಯುವವರ ತಲೆಯ ಮೇಲೆಯೇ ಅದು ಕೆಂಪಗೆ ಹೊಳೆಯುತ್ತಿರುತ್ತದೆ. ಅದು ಎಷ್ಟು ದೂರದಲ್ಲಿದೆ? ನಿಜವಾಗಿ ಎಷ್ಟು ಪ್ರಖರವಾಗಿದೆ? ಇದನ್ನು ಮನುಷ್ಯ ಹೇಗೆ ತಿಳಿದುಕೊಂಡ? ಇಂದಿನ ಉಪನ್ಯಾಸ ಇಷ್ಟಕ್ಕೆ ಉತ್ತರ.

ಕಣ್ಣಿಗೆ ಕಾಣುವ ಕಾಂತಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ರಾತ್ರಿ ಮಂಜಿನಲ್ಲಿ ಎದುರಿಗೊಂದು ಬೆಳಕು ಕಾಣುತ್ತದೆ. ಹತ್ತಿರದ ಸ್ಕೂಟರೋ ದೂರದ ಲಾರಿಯೋ ಬೆಳಕಿನಿಂದಷ್ಟೇ ಹೇಳಲಾಗದು. ದೀಪದ ಶಕ್ತಿ, ಅದರ ದೂರ, ನಡುವಿನ ಮಂಜು ಮೂರೂ ಸೇರಿ ಕಣ್ಣಿಗೆ ಬೀಳುವ ಬೆಳಕನ್ನು ನಿರ್ಧರಿಸುತ್ತವೆ. ನಕ್ಷತ್ರದ ವಿಚಾರದಲ್ಲಿ ಖಗೋಳ ವಿಜ್ಞಾನಿಗಳ ಮುಂದಿರುವ ಸಮಸ್ಯೆಯೂ ಇದೇ. ಅವರ ಕೈಗೆ ಸಿಗುವುದು ಬಂದು ತಲುಪಿದ ಬೆಳಕು ಮಾತ್ರ.

ಫೆಬ್ರವರಿ ನಡುವಿನಲ್ಲಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ ಎರಡು ಪ್ರಖರ ನಕ್ಷತ್ರಗಳು ಮೇಲೆ ಕೆಳಗೆ ಕಾಣುತ್ತವೆ. ಮೇಲಿನದು ಲುಬ್ಧಕ, ಇರುಳಿನ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ. ಕೆಳಗಿನದು ಅಗಸ್ತ್ಯ, ಎರಡನೆಯ ಸ್ಥಾನದ್ದು. ಲಂಡನ್ನಿನಲ್ಲಿ ಅಗಸ್ತ್ಯ ಹುಟ್ಟುವುದೇ ಇಲ್ಲ. ನಮ್ಮ ಗುಡ್ಡಗಳ ಮೇಲೆ ಅದು ದಿಗಂತದಿಂದ ಸುಮಾರು 24 ಡಿಗ್ರಿ ಎತ್ತರಕ್ಕೆ ಏರುತ್ತದೆ. ಈ ಎರಡು ನಕ್ಷತ್ರಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ನಕ್ಷತ್ರಗಳನ್ನು ಕಾಂತಿಯ ಪ್ರಕಾರ ಆರು ದರ್ಜೆಗಳಾಗಿ ವಿಂಗಡಿಸಿದವರು ಪ್ರಾಚೀನ ಗ್ರೀಕರು. ಅತಿ ಪ್ರಖರವಾದವು ಒಂದನೆಯ ದರ್ಜೆ, ಕಣ್ಣಿಗೆ ಕಂಡೂ ಕಾಣದಂಥವು ಆರನೆಯದು. ಇಪ್ಪತ್ತು ಶತಮಾನ ಈ ಅಂದಾಜೇ ನಡೆಯಿತು. 1856ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ನಾರ್ಮನ್ ಪಾಗ್‌ಸನ್ ಎಂಬ ಖಗೋಳ ವೀಕ್ಷಕ ಇದಕ್ಕೆ ಗಣಿತದ ಬುನಾದಿ ಹಾಕಿದ. ಒಂದನೆಯ ದರ್ಜೆಯ ನಕ್ಷತ್ರದಿಂದ ಬರುವ ಬೆಳಕು ಆರನೆಯ ದರ್ಜೆಯದಕ್ಕಿಂತ ಸುಮಾರು ನೂರು ಪಟ್ಟು ಎಂಬುದು ಆಗಲೇ ತಿಳಿದಿತ್ತು. ಐದು ದರ್ಜೆಗಳ ಅಂತರಕ್ಕೆ ಸರಿಯಾಗಿ ನೂರು ಪಟ್ಟು ಎಂದು ನಿಗದಿ ಮಾಡಿದರೆ ಒಂದೊಂದು ದರ್ಜೆಗೂ 2.512 ಪಟ್ಟು ವ್ಯತ್ಯಾಸ ಬರುತ್ತದೆ. ಇಂದು ಜಗತ್ತಿನ ಪ್ರತಿಯೊಂದು ವೀಕ್ಷಣಾಲಯವೂ ಬಳಸುವ ಕಾಂತಿಮಾನದ ಮಾಪಕ ಇದೇ. ಅಂಕಿ ಕಡಿಮೆಯಾದಷ್ಟೂ ಕಾಂತಿ ಹೆಚ್ಚು. ತೀರಾ ಪ್ರಖರವಾದವು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತವೆ. ಲುಬ್ಧಕದ ಕಾಂತಿಮಾನ ಮೈನಸ್ 1.46, ಅಗಸ್ತ್ಯದ್ದು ಮೈನಸ್ 0.74. ಅಂದರೆ ಲುಬ್ಧಕದಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಅಗಸ್ತ್ಯದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಈ ಪಾಗ್‌ಸನ್ 1861ರಲ್ಲಿ ಮದರಾಸಿಗೆ ಬಂದ. ಅಲ್ಲಿನ ಸರ್ಕಾರಿ ವೀಕ್ಷಣಾಲಯದ ಮುಖ್ಯಸ್ಥನಾಗಿ ಮೂವತ್ತು ವರ್ಷ ದುಡಿದು 1891ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಹಾಯಕರಲ್ಲಿ ಹಿರಿಯರಾಗಿದ್ದವರು ಚಿಂತಾಮಣಿ ರಘುನಾಥಾಚಾರ್ಯರು. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಕಾಂತಿ ಏರಿಳಿಯುವುದನ್ನು ಅವರು ಕಂಡುಹಿಡಿದರು. ಮದರಾಸಿನ ಆ ವೀಕ್ಷಣಾಲಯ ಮುಂದೆ ಕೊಡೈಕೆನಾಲಿಗೆ ಹೋಯಿತು. ಅದರ ವಾರಸುದಾರ ಸಂಸ್ಥೆಯೇ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳಭೌತ ಸಂಸ್ಥೆ. ಜಗತ್ತಿಗೆ ಕಾಂತಿಯ ಅಳತೆ ಕೊಟ್ಟವನ ಪರಂಪರೆ ನಮ್ಮ ರಾಜ್ಯದಲ್ಲೇ ಮುಂದುವರಿದಿದೆ.

ಬೆಳಕನ್ನು ಎಣಿಸುವ ಕೆಲಸ

ಈಗ ಕಣ್ಣಿನ ಅಂದಾಜನ್ನು ನೆಚ್ಚಬೇಕಿಲ್ಲ. ದೂರದರ್ಶಕದ ತುದಿಗೆ ಜೋಡಿಸಿದ ಸಿಸಿಡಿ ಎಂಬ ಸಿಲಿಕಾನ್ ಫಲಕ, ಬಂದುಬಿದ್ದ ಬೆಳಕಿನ ಕಣಗಳನ್ನು ವಿದ್ಯುತ್ತಾಗಿ ಬದಲಿಸಿ ಲೆಕ್ಕ ಇಡುತ್ತದೆ. ಕಾಂತಿಮಾನ ಮೊದಲೇ ನಿಖರವಾಗಿ ಗೊತ್ತಿರುವ ನಕ್ಷತ್ರವನ್ನೂ ಅದೇ ರಾತ್ರಿ ಅಳೆದು ಹೋಲಿಸುತ್ತಾರೆ. ನೀಲಿ, ಹಸಿರು, ಕೆಂಪು ಶೋಧಕಗಳನ್ನು ಒಂದಾದ ಮೇಲೊಂದು ಇಟ್ಟು ಅಳೆದರೆ ಬಣ್ಣವೂ ಸಿಗುತ್ತದೆ. ನೀಲಿ ಹೆಚ್ಚಿದ್ದರೆ ನಕ್ಷತ್ರದ ಮೈ ಹೆಚ್ಚು ಬಿಸಿ, ಕೆಂಪು ಹೆಚ್ಚಿದ್ದರೆ ಅಷ್ಟು ಬಿಸಿಯಿಲ್ಲ.

ಇಲ್ಲಿ ಗಾಳಿಯ ಲೆಕ್ಕ ಮರೆಯುವಂತಿಲ್ಲ. ಲುಬ್ಧಕ ನಮ್ಮಲ್ಲಿ 60 ಡಿಗ್ರಿ ಎತ್ತರಕ್ಕೆ ಏರುತ್ತದೆ. ಅಗಸ್ತ್ಯ 24 ಡಿಗ್ರಿಯಲ್ಲೇ ಉಳಿಯುವುದರಿಂದ ಅದರ ಬೆಳಕು, ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಸುಮಾರು ಎರಡೂವರೆ ಪಟ್ಟು ಗಾಳಿಯನ್ನು ದಾಟಿ ಬರಬೇಕು. ಮಲೆನಾಡಿನ ತೇವದ ಗಾಳಿಯಲ್ಲಿ ಅದು ಇನ್ನಷ್ಟು ಮಂಕಾಗುತ್ತದೆ. ಒಂದೇ ನಕ್ಷತ್ರವನ್ನು ಅದು ಏರುವಾಗ, ನೆತ್ತಿಗೆ ಬಂದಾಗ, ಇಳಿಯುವಾಗ ಪದೇ ಪದೇ ಅಳೆದರೆ ಗಾಳಿ ಎಷ್ಟು ಬೆಳಕು ನುಂಗಿತು ಎಂಬುದು ತಿಳಿಯುತ್ತದೆ. ಅದನ್ನು ಕೂಡಿಸಿದ ಮೇಲಷ್ಟೇ ಅಂಕಿಗೆ ಬೆಲೆ. ಭಾರತೀಯ ಖಗೋಳಭೌತ ಸಂಸ್ಥೆ ತನ್ನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಇಟ್ಟದ್ದು ಈ ಕಾರಣಕ್ಕೆ. ಅಲ್ಲಿ ಗಾಳಿ ತೆಳು, ಒಣಗಿದ್ದು. ಆ ದೂರದರ್ಶಕವನ್ನು ನಡೆಸುವ ವಿಜ್ಞಾನಿಗಳು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ.

ಬೆಳಕಿನ ಲೆಕ್ಕ ಎಷ್ಟು ದೊಡ್ಡ ಸಂಗತಿಯನ್ನು ಹೊರಗೆಡವಬಹುದು ಎಂಬುದಕ್ಕೆ ಒಂದು ನಿದರ್ಶನ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಇದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ದೂರದರ್ಶಕದಿಂದ ಆ ನಕ್ಷತ್ರದ ಕಾಂತಿಯನ್ನು ದಾಖಲಿಸುತ್ತಿದ್ದರು. ಗ್ರಹ ಮುಚ್ಚುವ ಹೊತ್ತಿಗೆ ಮುಂಚೆಯೇ ನಕ್ಷತ್ರ ಕ್ಷಣಕಾಲ ಮಂಕಾಯಿತು. ಬೇರೆ ದೇಶಗಳ ವೀಕ್ಷಕರಿಗೂ ಅಂಥದ್ದೇ ದಾಖಲೆ ಸಿಕ್ಕಿತು. ಯುರೇನಸ್ಸಿಗೆ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ.

ಬೆಟ್ಟದಿಂದ ಬೆಟ್ಟಕ್ಕೆ

ಕಾಂತಿ ಅಳೆದದ್ದಾಯಿತು. ದೂರ ಗೊತ್ತಾಗದೆ ಅದಕ್ಕೆ ಪೂರ್ತಿ ಅರ್ಥವಿಲ್ಲ. ದೂರದ ಕಥೆ ನಮ್ಮ ಪಶ್ಚಿಮಘಟ್ಟವನ್ನೇ ದಾಟಿ ಹೋಗುತ್ತದೆ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ನೆಲದ ಮೇಲೆ ಒಂದು ನೇರ ಗೆರೆಯನ್ನು ಸರಪಳಿ ಹಿಡಿದು ಅಳೆದ. 1802ರಲ್ಲಿ ಮದರಾಸಿನಲ್ಲಿ ಹೊಸದಾಗಿ ಆರಂಭಿಸಿ, ಕೋನ ಅಳೆಯುವ, ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿಕೊಂಡು, ತ್ರಿಕೋನದ ಪಕ್ಕಕ್ಕೆ ತ್ರಿಕೋನ ಕಟ್ಟುತ್ತ ಮೈಸೂರು ಸೀಮೆಯನ್ನು ದಾಟಿ ಘಟ್ಟ ಹತ್ತಿ ಮಂಗಳೂರಿನ ಕರಾವಳಿ ಮುಟ್ಟಿದ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಗೆರೆ ಅಳೆದು ತಾಳೆ ನೋಡಿದವನು ಅವನ ಸಹಾಯಕ ಜಾನ್ ವಾರೆನ್. ಮುಂದೆ ಮದರಾಸು ವೀಕ್ಷಣಾಲಯವನ್ನೂ ಆತ ಕೆಲವು ವರ್ಷ ನೋಡಿಕೊಂಡ. ಲೆಕ್ಕ ಮುಗಿದಾಗ, ಆ ಅಕ್ಷಾಂಶದಲ್ಲಿ ಪರ್ಯಾಯದ್ವೀಪದ ಅಗಲ ಅಂದಿನ ನಕಾಶೆಗಳು ತೋರಿಸುತ್ತಿದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂದು ತಿಳಿಯಿತು.

ಈ ವಿಧಾನದ ಸಾರ ಸರಳ. ತ್ರಿಕೋನದ ಒಂದು ಬದಿಯ ಉದ್ದ, ಅದರ ಎರಡು ತುದಿಗಳ ಕೋನ ಗೊತ್ತಿದ್ದರೆ ಮೂರನೆಯ ಬಿಂದುವಿನ ದೂರವನ್ನು ಅಲ್ಲಿಗೆ ಹೋಗದೆಯೇ ಹೇಳಬಹುದು. ಮುಳ್ಳಯ್ಯನಗಿರಿಯ ನೆತ್ತಿಯಿಂದಲೂ ಬಯಲಿನ ಮತ್ತೊಂದು ಗುಡ್ಡದಿಂದಲೂ ಕುದುರೆಮುಖದ ಕಡೆ ದುರ್ಬೀನು ತಿರುಗಿಸಿದರೆ ಅದರ ದೂರ ಕಾಗದದ ಮೇಲೆ ಸಿಗುತ್ತದೆ. ಲ್ಯಾಂಬ್ಟನ್ನನ ದೊಡ್ಡ ಗುರಿ ಭೂಮಿಯ ಗಾತ್ರ ಮತ್ತು ಆಕಾರ. ಅದಕ್ಕಾಗಿ ಆತ ರಾತ್ರಿ ನಕ್ಷತ್ರಗಳ ಎತ್ತರವನ್ನೂ ಅಳೆಯುತ್ತಿದ್ದ. ಅಂದರೆ ನಕ್ಷತ್ರ ನೋಡಿ ನೆಲವನ್ನು ಅಳೆದ ಕಾಲ ಅದು. ನೆಲದ ಅಳತೆಯಿಂದ ನಕ್ಷತ್ರ ಮುಟ್ಟಲು ಇನ್ನೊಂದು ಮೆಟ್ಟಿಲು ಬೇಕಿತ್ತು: ಸೂರ್ಯನ ದೂರ.

ಶುಕ್ರಗ್ರಹ ಸೂರ್ಯಬಿಂಬದ ಮುಂದೆ ಹಾದುಹೋಗುವುದನ್ನು ಭೂಮಿಯ ದೂರದೂರದ ಎರಡು ಜಾಗಗಳಿಂದ ನೋಡಿದರೆ ಅದರ ದಾರಿ ಸ್ವಲ್ಪ ಬೇರೆಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸಕ್ಕೆ ಭೂಮಿಯ ಗಾತ್ರವನ್ನು ಅಳತೆಗೋಲಾಗಿ ಹಿಡಿದರೆ ಸೂರ್ಯನ ದೂರ ಬರುತ್ತದೆ. 1874ರ ಡಿಸೆಂಬರ್ 9ರ ಶುಕ್ರಸಂಕ್ರಮ ಭಾರತಕ್ಕೆ ಕಾಣುವುದಿತ್ತು. ಅದನ್ನು ಜನರಿಗೆ ತಿಳಿಯಹೇಳಲು ರಘುನಾಥಾಚಾರ್ಯರು ಒಂದು ಪುಸ್ತಿಕೆ ಬರೆದರು. ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಕಟವಾಯಿತು. ಸುಮಾರು ಒಂದೂವರೆ ಶತಮಾನದ ಹಿಂದೆಯೇ ಆಕಾಶದ ಅಳತೆ ಕನ್ನಡದಲ್ಲಿ ಅಚ್ಚಾಗಿತ್ತು ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ನೆನಪಿಡಬೇಕು. ಇಂದು ರೇಡಾರ್ ಬಳಸಿ ಈ ದೂರವನ್ನು ಇನ್ನೂ ನಿಖರವಾಗಿ ಕಂಡುಕೊಂಡಿದ್ದೇವೆ: ಸುಮಾರು 14 ಕೋಟಿ 96 ಲಕ್ಷ ಕಿಲೋಮೀಟರ್.

ಆರು ತಿಂಗಳ ಅಂತರದ ಎರಡು ನೋಟ

ಜನವರಿಯಲ್ಲಿ ಭೂಮಿ ಸೂರ್ಯನ ಒಂದು ಕಡೆ, ಜುಲೈಯಲ್ಲಿ ಇನ್ನೊಂದು ಕಡೆ. ನಡುವೆ 30 ಕೋಟಿ ಕಿಲೋಮೀಟರ್ ಉದ್ದದ ಗೆರೆ ನಮಗೆ ಪುಕ್ಕಟೆಯಾಗಿ ಸಿಗುತ್ತದೆ. ಅದರ ಎರಡು ತುದಿಯಿಂದ ನೋಡಿದಾಗ ಹತ್ತಿರದ ನಕ್ಷತ್ರ ಹಿನ್ನೆಲೆಯ ದೂರದ ನಕ್ಷತ್ರಗಳ ನಡುವೆ ಒಂದಿಷ್ಟು ಸರಿದಂತೆ ಕಾಣುತ್ತದೆ. ಆ ಸರಿಯುವಿಕೆಯ ಅರ್ಧವನ್ನು ಪ್ಯಾರಲಾಕ್ಸ್, ಅಂದರೆ ಸ್ಥಾನಪಲ್ಲಟ, ಎನ್ನುತ್ತಾರೆ. ಅದು ಅತಿ ಸಣ್ಣ ಕೋನ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ವಿಕಲೆ. ಸೂರ್ಯನನ್ನು ಬಿಟ್ಟರೆ ಯಾವ ನಕ್ಷತ್ರದ ಸ್ಥಾನಪಲ್ಲಟವೂ ಒಂದು ವಿಕಲೆ ತಲುಪುವುದಿಲ್ಲ. ದೂರದ ಲೆಕ್ಕ ಮಾತ್ರ ಸುಲಭ: 3.26ನ್ನು ವಿಕಲೆಯ ಅಂಕಿಯಿಂದ ಭಾಗಿಸಿದರೆ ಜ್ಯೋತಿರ್ವರ್ಷ.

1838ರಲ್ಲಿ ಜರ್ಮನಿಯ ಫ್ರೆಡ್ರಿಕ್ ಬೆಸೆಲ್ 61 ಸಿಗ್ನಿ ಎಂಬ ಮಂಕು ನಕ್ಷತ್ರದ ಸ್ಥಾನಪಲ್ಲಟ ಸುಮಾರು 0.31 ವಿಕಲೆ ಎಂದು ಪ್ರಕಟಿಸಿದ. ಇಂದಿನ ಅಂಕಿ 0.286. ಆ ಕಾಲದ ಉಪಕರಣದಲ್ಲಿ ಶೇಕಡಾ 10ರ ಆಸುಪಾಸಿನ ವ್ಯತ್ಯಾಸ ಎಂದರೆ ಅಸಾಧಾರಣ ಸಾಧನೆ. ಆಫ್ರಿಕದ ತುದಿಯ ಕೇಪ್‌ನಲ್ಲಿ ಥಾಮಸ್ ಹೆಂಡರ್ಸನ್ 1830ರ ದಶಕದ ಆರಂಭದಲ್ಲಿ ಆಲ್ಫಾ ಸೆಂಟಾರಿಯನ್ನು ಅಳೆದಿದ್ದ, ಪ್ರಕಟಿಸಿದ್ದು 1839ರಲ್ಲಿ. ನಮ್ಮ ನೆರೆಯ ನಕ್ಷತ್ರ ವ್ಯವಸ್ಥೆ ಅದೇ. ಅದರ ಸ್ಥಾನಪಲ್ಲಟ 0.75 ವಿಕಲೆ, ದೂರ ಸುಮಾರು 4.4 ಜ್ಯೋತಿರ್ವರ್ಷ. ಏಪ್ರಿಲ್ ಕೊನೆಯಲ್ಲಿ ನಡುರಾತ್ರಿಯ ಹೊತ್ತಿಗೆ ಕಳಸದ ಎತ್ತರದ ಗುಡ್ಡದಿಂದ ತೆಂಕಣ ದಿಗಂತದ ಕಡೆ ನೋಡಿದರೆ ಅದು ಬರಿಗಣ್ಣಿಗೆ ಕಾಣುತ್ತದೆ.

ಈಗ ಮತ್ತೆ ಲುಬ್ಧಕ, ಅಗಸ್ತ್ಯಕ್ಕೆ ಬರೋಣ. ಲುಬ್ಧಕ 8.6 ಜ್ಯೋತಿರ್ವರ್ಷ ದೂರದಲ್ಲಿದೆ, ಅಗಸ್ತ್ಯ ಸುಮಾರು 310. ಅಂದರೆ ಅಗಸ್ತ್ಯ 36 ಪಟ್ಟು ದೂರ. ದೂರ ಹೆಚ್ಚಿದಂತೆ ಬೆಳಕು ಅದರ ವರ್ಗದ ಪ್ರಮಾಣದಲ್ಲಿ ತಗ್ಗುತ್ತದೆ. 36ರ ವರ್ಗ 1,296. ಕಣ್ಣಿಗೆ ಲುಬ್ಧಕದ ಅರ್ಧದಷ್ಟು ಕಾಣುವ ಅಗಸ್ತ್ಯ ನಿಜದಲ್ಲಿ ಅದಕ್ಕಿಂತ ಸುಮಾರು 650 ಪಟ್ಟು ಹೆಚ್ಚು ಬೆಳಕು ಚೆಲ್ಲುತ್ತಿದೆ. ಹತ್ತನೆಯ ತರಗತಿಯ ಗಣಿತ ಇಷ್ಟಕ್ಕೆ ಸಾಕು. ಕಂಡ ಕಾಂತಿ ಬೇರೆ, ನಿಜ ಕಾಂತಿ ಬೇರೆ. ಇವೆರಡರ ನಡುವಿನ ಸೇತುವೆಯೇ ದೂರ.

ಐರೋಪ್ಯರು 1989ರಲ್ಲಿ ಹಾರಿಸಿದ ಹಿಪ್ಪಾರ್ಕಸ್ ಉಪಗ್ರಹ 1,18,000ಕ್ಕೂ ಹೆಚ್ಚು ನಕ್ಷತ್ರಗಳನ್ನು ಈ ರೀತಿ ಅಳೆಯಿತು. 2013ರ ಡಿಸೆಂಬರಿನಲ್ಲಿ ಹೊರಟ ಅವರದೇ ಗಾಯಾ ಉಪಗ್ರಹ 2025ರ ಜನವರಿಯವರೆಗೆ ಕೆಲಸ ಮಾಡಿತು. 2022ರ ಅದರ ಪಟ್ಟಿಯಲ್ಲಿ 180 ಕೋಟಿ ಆಕಾಶಕಾಯಗಳಿವೆ. ಪ್ರಖರ ನಕ್ಷತ್ರಗಳಲ್ಲಿ ಅದರ ನಿಖರತೆ ಒಂದು ವಿಕಲೆಯ ಸುಮಾರು 50,000ದಲ್ಲಿ ಒಂದು ಭಾಗ.

ತ್ರಿಕೋನ ಮುಟ್ಟದ ದೂರ

ಇನ್ನೂ ದೂರ ಹೋದರೆ ಕೋನ ಅಳತೆಗೆ ಸಿಗದಷ್ಟು ಕಿರಿದಾಗುತ್ತದೆ. ಆಗ ಲೆಕ್ಕವನ್ನು ತಿರುಗಿಸಬೇಕು. ನಕ್ಷತ್ರದ ನಿಜ ಕಾಂತಿ ಬೇರೆ ದಾರಿಯಿಂದ ಗೊತ್ತಾದರೆ, ಕಂಡ ಕಾಂತಿಯ ಜೊತೆ ಹೋಲಿಸಿ ದೂರ ಹೇಳಬಹುದು.

ಅಂಥ ಒಂದು ದಾರಿಗೆ ಭಾರತೀಯನ ಹೆಸರಿದೆ. 1957ರಲ್ಲಿ ಓಲಿನ್ ವಿಲ್ಸನ್ ಮತ್ತು ಎಂ.ಕೆ. ವೈನು ಬಾಪು, ಸೂರ್ಯನಂಥ ಹಾಗೂ ಅದಕ್ಕಿಂತ ತಂಪಾದ ನಕ್ಷತ್ರಗಳ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ, ಕ್ಯಾಲ್ಸಿಯಂ ಮೂಡಿಸುವ ಒಂದು ಹೊಳೆಯುವ ಗೆರೆಯ ಅಗಲಕ್ಕೂ ನಕ್ಷತ್ರದ ನಿಜ ಕಾಂತಿಗೂ ನೇರ ಸಂಬಂಧವಿದೆ ಎಂದು ತೋರಿಸಿದರು. ಗೆರೆ ಅಗಲವಾದಷ್ಟೂ ನಕ್ಷತ್ರ ಹೆಚ್ಚು ಪ್ರಖರ. ವಿಲ್ಸನ್–ಬಾಪು ಪರಿಣಾಮ ಎಂದು ಜಗತ್ತಿನ ಪಠ್ಯಪುಸ್ತಕಗಳು ಕರೆಯುವುದು ಇದನ್ನೇ. ಭಾರತೀಯ ಖಗೋಳಭೌತ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದವರೂ ಇದೇ ಬಾಪು. 1982ರಲ್ಲಿ ಅವರು ತೀರಿಕೊಂಡರು. ಕಾವಲೂರಿನ 2.34 ಮೀಟರ್ ದೂರದರ್ಶಕಕ್ಕೆ ಅವರ ಹೆಸರಿಟ್ಟಿದ್ದಾರೆ.

ಇನ್ನೊಂದು ದಾರಿ ತೋರಿಸಿದವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫೋಟೋ ಫಲಕಗಳನ್ನು ಪರಿಶೀಲಿಸುತ್ತಿದ್ದ ಹೆನ್ರಿಯೆಟ್ಟಾ ಲೀವಿಟ್. ಸೆಫೀಡ್ ಎಂಬ ನಕ್ಷತ್ರಗಳ ಕಾಂತಿ ನಿಯಮಿತವಾಗಿ ಏರಿಳಿಯುತ್ತದೆ. ಏರಿಳಿತಕ್ಕೆ ಹೆಚ್ಚು ದಿನ ಹಿಡಿಯುವ ಸೆಫೀಡ್ ಹೆಚ್ಚು ಪ್ರಖರ ಎಂದು 1912ರಲ್ಲಿ ಅವರು ತೋರಿಸಿಕೊಟ್ಟರು. 1923ರಲ್ಲಿ ಎಡ್ವಿನ್ ಹಬಲ್ ದೇವಯಾನಿ ನೀಹಾರಿಕೆಯಲ್ಲಿ ಅಂಥದ್ದೊಂದನ್ನು ಕಂಡು, ಅದು ನಮ್ಮ ಆಕಾಶಗಂಗೆಯ ಆಚೆಯ ಇನ್ನೊಂದು ಗೆಲಾಕ್ಸಿ ಎಂದು ಸಾಧಿಸಿದ. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ನವೆಂಬರಿನ ಕತ್ತಲ ರಾತ್ರಿಯಲ್ಲಿ ನಮ್ಮ ತೋಟಗಳ ಮೇಲೆ ಅದು ಬರಿಗಣ್ಣಿಗೇ ಮಸುಕು ಮಚ್ಚೆಯಾಗಿ ಕಾಣುತ್ತದೆ.

ಸೆಫೀಡ್‌ಗಳ ನಿಜ ಕಾಂತಿಯನ್ನು ತೂಗಿನೋಡುವುದು ಮತ್ತೆ ಹತ್ತಿರದ ಸೆಫೀಡ್‌ಗಳ ಸ್ಥಾನಪಲ್ಲಟದಿಂದ. ಸ್ಥಾನಪಲ್ಲಟಕ್ಕೆ ಆಧಾರ ಸೂರ್ಯನ ದೂರ. ಹಿಂದಿನವರು ಅದನ್ನು ಅಳೆದದ್ದು ಭೂಮಿಯ ಗಾತ್ರದಿಂದ. ಭೂಮಿಯ ಗಾತ್ರಕ್ಕೆ ಆಧಾರ ನೆಲದ ಮೇಲೆ ಎಳೆದ ಸರಪಳಿ. ಒಂದು ಮೆಟ್ಟಿಲು ಅಲುಗಿದರೆ ಮೇಲಿನದೆಲ್ಲ ಅಲುಗುತ್ತದೆ.

ದೋಷವನ್ನೂ ಹೇಳುವ ಪ್ರಾಮಾಣಿಕತೆ

ಈ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದು: ಎಷ್ಟು ತಪ್ಪಿರಬಹುದು ಎಂದು ಹೇಳದ ಅಂಕಿಯನ್ನು ವಿಜ್ಞಾನ ಅಳತೆಯೆಂದು ಒಪ್ಪುವುದಿಲ್ಲ.

ಕೃತ್ತಿಕೆಯ ಗೊಂಚಲನ್ನು ನೀವೆಲ್ಲ ಬಲ್ಲಿರಿ. 1997ರಲ್ಲಿ ಹಿಪ್ಪಾರ್ಕಸ್ ಅಂಕಿಗಳು ಅದರ ದೂರ ಸುಮಾರು 390 ಜ್ಯೋತಿರ್ವರ್ಷ ಎಂದವು. ಬೇರೆ ವಿಧಾನಗಳಲ್ಲಿ 435ರಿಂದ 445 ಬರುತ್ತಿತ್ತು. ಉಪಗ್ರಹದ ಅಂಕಿ ಎಂದು ಯಾರೂ ಸುಮ್ಮನೆ ತಲೆಬಾಗಲಿಲ್ಲ. 2014ರಲ್ಲಿ ಖಂಡಾಂತರದ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ ಸುಮಾರು 444 ಬಂತು. ಗಾಯಾ ಕೂಡ ಆ ಕಡೆಗೇ ನಿಂತಿತು. ಇಪ್ಪತ್ತು ವರ್ಷದ ವಾದವನ್ನು ಹೆಚ್ಚು ಎಚ್ಚರದ ಅಳತೆ ಬಗೆಹರಿಸಿತು.

ಆರಿದ್ರಾ ಇನ್ನೂ ಬಗೆಹರಿದಿಲ್ಲ. ಹಿಪ್ಪಾರ್ಕಸ್ ಮೊದಲು ಕೊಟ್ಟ ದೂರ ಸುಮಾರು 430 ಜ್ಯೋತಿರ್ವರ್ಷ. 2017ರ ಒಂದು ಅಧ್ಯಯನ ಸುಮಾರು 720 ಎಂದಿತು, 2020ರ ಇನ್ನೊಂದು ಸುಮಾರು 550. ಆರಿದ್ರಾ ದೈತ್ಯ ನಕ್ಷತ್ರ. ಅದರ ಬಿಂಬದ ಅಗಲವೇ ಸ್ಥಾನಪಲ್ಲಟದ ಹಲವು ಪಟ್ಟು. ಮೇಲ್ಮೈಯಲ್ಲಿ ಬಿಸಿ ಅನಿಲದ ಭಾರೀ ಗುಳ್ಳೆಗಳು ಏಳುತ್ತವೆ, ಬೆಳಕಿನ ನಡುಬಿಂದು ಅತ್ತಿತ್ತ ಜರುಗುತ್ತದೆ. ಗಾಯಾದ ಕಣ್ಣಿಗೆ ಅದು ತೀರಾ ಪ್ರಖರ. ನೂರಾರು ಕೋಟಿ ನಕ್ಷತ್ರಗಳನ್ನು ಅಳೆದ ಕಾಲದಲ್ಲೂ, ಮಲೆನಾಡಿನ ಅಜ್ಜಿಯರೆಲ್ಲ ಹೆಸರು ಬಲ್ಲ ಈ ನಕ್ಷತ್ರದ ದೂರ ಖಚಿತವಾಗಿಲ್ಲ. ದೂರ ಅನಿಶ್ಚಿತವಾದ್ದರಿಂದ ಅದರ ನಿಜ ಕಾಂತಿಯೂ ಅನಿಶ್ಚಿತ.

ನಾವು ಮಾಡಬಹುದಾದದ್ದು

2019ರ ಕೊನೆಯಲ್ಲಿ ಇದೇ ಆರಿದ್ರಾ ಮಂಕಾಗತೊಡಗಿತು. ಸಾಮಾನ್ಯವಾಗಿ 0.5ರ ಸುಮಾರಿಗಿರುವ ಅದರ ಕಾಂತಿಮಾನ 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿಯಿತು, ಬೆಳಕು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಬಂತು. ನಕ್ಷತ್ರ ತಾನೇ ಉಗುಳಿದ ಧೂಳಿನ ಮೋಡ ಮತ್ತು ಮೇಲ್ಮೈಯ ಒಂದು ಭಾಗ ತಣ್ಣಗಾದದ್ದು ಇದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ಆ ಇಳಿತವನ್ನು ಲೋಕದ ಎಷ್ಟೋ ಹವ್ಯಾಸಿಗಳು ಬರಿಗಣ್ಣಿನಿಂದಲೇ ದಾಖಲಿಸಿದ್ದರು. 1911ರಲ್ಲಿ ಆರಂಭವಾದ ಅಮೆರಿಕದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘ ಇಂಥ ದಾಖಲೆಗಳನ್ನು ಯಾವ ದೇಶದವರಿಂದಲೂ ಸ್ವೀಕರಿಸುತ್ತದೆ.

ಆದ್ದರಿಂದ ಇಲ್ಲಿನ ಶಾಲೆ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಬೇಡಿಕೆ: ಪ್ರತಿ ಶಾಲೆಯಲ್ಲೂ ಒಂದು ಆರಿದ್ರಾ ಪುಸ್ತಕ ಇರಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ ಆರಿದ್ರಾವನ್ನು ರೋಹಿಣಿಯ ಜೊತೆ, ಲಘುಶ್ವಾನದ ಪ್ರೋಸಿಯಾನ್ ಜೊತೆ ಹೋಲಿಸಿ ಬರೆಯಲಿ. ರೋಹಿಣಿಯ ಕಾಂತಿಮಾನ 0.9, ಪ್ರೋಸಿಯಾನ್‌ನದು 0.4. ಆರಿದ್ರಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ? ತಾರೀಕು, ಹೊತ್ತು, ಮಂಜು ಇತ್ತೇ, ಬೆಳದಿಂಗಳಿತ್ತೇ ಎಲ್ಲವೂ ದಾಖಲಾಗಲಿ. ಒಬ್ಬರ ಅಂಕಿಗೂ ಇನ್ನೊಬ್ಬರದಕ್ಕೂ ವ್ಯತ್ಯಾಸ ಬಂದರೆ ಅಳಿಸದೆ ಎರಡನ್ನೂ ಇಡಲಿ.

ಎರಡನೆಯ ಬೇಡಿಕೆ ಪಂಚಾಯಿತಿಗಳಿಗೆ, ತೋಟದ ಮಾಲೀಕರಿಗೆ, ಹೋಂಸ್ಟೇ ನಡೆಸುವವರಿಗೆ. ಕತ್ತಲೆ ಈ ಗುಡ್ಡಗಳ ಆಸ್ತಿ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶ ರಕ್ಷಿತ ಪ್ರದೇಶವೆಂದು ಘೋಷಿಸಿ, ಅಲ್ಲಿನ ಹಳ್ಳಿಗರಿಗೇ ಆಕಾಶ ತೋರಿಸುವ ತರಬೇತಿ ಕೊಟ್ಟಿದ್ದಾರೆ. ನಮ್ಮಲ್ಲಿ ಅಷ್ಟೆಲ್ಲ ಆಗುವವರೆಗೆ ಕಾಯಬೇಕಿಲ್ಲ. ಅಂಗಳದ ದೀಪಕ್ಕೆ ಮೇಲೊಂದು ಮುಚ್ಚಳ, ಬೆಳಕು ನೆಲಕ್ಕಷ್ಟೇ ಬೀಳುವ ಹಾಗೆ. ಗುಡ್ಡದ ಕಡೆ ತಿರುಗಿಸಿದ ಫ್ಲಡ್‌ಲೈಟು ರಾತ್ರಿ ಹತ್ತರ ನಂತರ ಬಂದ್. ಇದಕ್ಕೆ ಸರ್ಕಾರಿ ಆದೇಶ ಬೇಡ, ನಾವು ಮನಸ್ಸು ಮಾಡಿದರೆ ಸಾಕು.

ವಿದ್ಯಾರ್ಥಿಗಳೇ, ದೂರದರ್ಶಕ ಬಂದ ಮೇಲೆ ನೋಡೋಣ ಎಂದು ಕಾಯಬೇಡಿ. ಈ ಕೊಯ್ಲಿನ ಕಾಲದಲ್ಲೇ ಮೊದಲ ಅಂಕಿ ಬರೆಯಿರಿ, ಅದರ ಪಕ್ಕದಲ್ಲಿ ಅದು ಎಷ್ಟು ತಪ್ಪಿರಬಹುದು ಎಂಬುದನ್ನೂ ಬರೆಯಿರಿ.